ಗೂಟಕ್ಕೆ ಕಟ್ಟಿದ ಜೀವ: ‘ಮಾಗಡಿ ಚಿರತೆ’ಯ ಕಥೆಯನ್ನು ಓದುವ ಬಗೆ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಸೀಮೆಯಲ್ಲಿ ಚಿರತೆ ಕಾಣಿಸಿಕೊಂಡಿತೆಂಬ ಸುದ್ದಿ ಹಬ್ಬಿದರೆ ಜನರ ಬಾಯಲ್ಲಿ ಮೊದಲು ಬರುವ ಮಾತು ‘ಬೋನಿಡಿಸಿ’ ಎಂಬುದು. ಬೋನೆಂದರೆ ಬರಿಯ ಕಬ್ಬಿಣದ ಪಂಜರವಲ್ಲ. ಅದರೊಳಗೆ ಒಂದು ನಾಯಿಯೋ ಮೇಕೆಯ ಮರಿಯೋ ಇದ್ದರೆ ಮಾತ್ರ ಅದು ಬೋನು. ಬೋನು ಎಲ್ಲಿರಬೇಕು, ಯಾರ ತೋಟದಲ್ಲಿರಬೇಕು ಎಂದು ವಾದಿಸುವವರು ಬಹಳ. ಆ ಮರಿಯ ಮಾತೆತ್ತುವವರು ವಿರಳ. ಇದೇ ಸೀಮೆಯ ಹೆಸರನ್ನು ಕನ್ನಡ ಓದುಗರ ನಾಲಗೆಯ ಮೇಲೆ ನಿಲ್ಲಿಸಿದ ಒಂದು ಶಿಕಾರಿ ಕಥೆಯನ್ನು ಓದುವಾಗಲೂ ಇದೇ ಮರೆವು ಕಾಣುತ್ತದೆ. ಅದೇ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’.

ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ (1910–1974) ಇಂಗ್ಲಿಷಿನಲ್ಲಿ ಬರೆದ ಈ ಕಥೆಯನ್ನು ಪೂರ್ಣಚಂದ್ರ ತೇಜಸ್ವಿ (1938–2007) ತಮ್ಮ ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದರು. ಮುನಿಶಾಮಿ ವೀರನಲ್ಲ, ಚತುರ. ಶಿಕಾರಿಯ ಹುಚ್ಚು ಹಿಡಿದ ಪಟ್ಟಣದ ಜನರಿಗೆ ತಾನು ಮಾರ್ಗದರ್ಶಿಯೆಂದು ನಂಬಿಸಿ ಹಣ ಕೀಳುವುದೇ ಅವನ ಕಸುಬು. ಇಲ್ಲದ ಮೃಗದ ಗುರುತುಗಳನ್ನು ತಾನೇ ಉಂಟುಮಾಡಿ ಸಾಹೇಬನನ್ನು ರಾತ್ರಿಯಿಡೀ ಮಚಾನಿನ ಮೇಲೆ ಕೂರಿಸಬಲ್ಲ. ಸುಳ್ಳು ಶಿಕಾರಿಯ ಈ ನಾಟಕವನ್ನು ತೇಜಸ್ವಿಯವರ ಗದ್ಯ ಹೇಳುವ ಲವಲವಿಕೆ ಅಪೂರ್ವವಾದುದು. ಓದುಗ ನಗುತ್ತಾನೆ, ನಗಲೇಬೇಕು.

ಆದರೆ ಆ ನಗೆ ಹರಿಯುವ ದಿಕ್ಕು ವಿಚಾರಾರ್ಹ. ಮೋಸ ಹೋದವನು ಸಾಹೇಬ, ಮೋಸ ಮಾಡಿದವನು ಮುನಿಶಾಮಿ. ಲೆಕ್ಕ ಇಬ್ಬರ ನಡುವೆಯೇ ಮುಗಿದುಹೋಗುತ್ತದೆ. ಶಿಕಾರಿಯೆಂಬ ವ್ಯವಹಾರದಲ್ಲಿ ಮೂರನೆಯ ಜೀವವೊಂದಿರುತ್ತದೆ: ಗೂಟಕ್ಕೆ ಕಟ್ಟಿದ ಪ್ರಾಣಿ. ಆ ಕಾಲದ ಶಿಕಾರಿ ಬರಹಗಳನ್ನು ತಿರುವಿದರೆ ಕರು, ಮೇಕೆ, ಕತ್ತೆಗಳನ್ನು ಕಟ್ಟಿಸಿದ ಸಂಗತಿ ಪುಟಪುಟಕ್ಕೂ ಬರುತ್ತದೆ. ಒಂಟಿಯಾಗಿ ಬಿಟ್ಟರೆ ಅರಚುವ ಮೇಕೆಯೇ ಒಳ್ಳೆಯ ಎರೆಯೆಂಬುದು ಶಿಕಾರಿಗಳ ಅನುಭವ. ಒಡೆಯ ಕಣ್ಮರೆಯಾದಾಗ ಅದು ಕೂಗುವ ದೀನ ಸ್ವರವೇ ಅವರಿಗೆ ಬೇಕಾದ ಸರಕು.

ಈ ಸರಕಿಗೆ ಕನ್ನಡದಲ್ಲಿ ಹಳೆಯ ಹೆಸರುಗಳಿವೆ. ಪಳಗಿಸಿದ ಜಿಂಕೆಯನ್ನು ಮುಂದಿಟ್ಟುಕೊಂಡು ಕಾಡುಜಿಂಕೆಯನ್ನು ಸೆಳೆಯುವ ಬೇಟೆಯಿತ್ತು. ಹಾಗೆ ಸೆಳೆಯಲು ಬಳಸುವ ಮೃಗವನ್ನು ಹಳಗನ್ನಡ ‘ದೀವ’ ಎಂದಿತು. ‘ಆಮಿಷ’ವೆಂಬ ಶಬ್ದ ಇನ್ನೂ ಕುತೂಹಲಕರ. ಸಂಸ್ಕೃತದಲ್ಲಿ ಅದರ ಅರ್ಥ ಮಾಂಸ. ಕನ್ನಡದ ದಿನಬಳಕೆಯಲ್ಲಿ ಪ್ರಲೋಭನೆ. ‘ನಿರಾಮಿಷ’ ಎಂದು ಊಟವನ್ನು ವರ್ಣಿಸುವವರು ತಟ್ಟೆಯ ಮಾಂಸವನ್ನು ಮಾತ್ರ ನಿರಾಕರಿಸುತ್ತಾರೋ, ಮತ್ತೊಂದು ಜೀವವನ್ನು ಆಸೆ ತೋರಿಸಿ ಕೆಡಹುವ ಉಪಾಯವನ್ನೂ ನಿರಾಕರಿಸುತ್ತಾರೋ ಎಂದು ಆ ಪದವೇ ಕೇಳುವಂತಿದೆ. ಇಲಿಬೋನಿನ ಕೊಕ್ಕೆಗೆ ಸಿಕ್ಕಿಸಲು ಕೊಬ್ಬರಿಯ ಚೂರನ್ನು ಕೆಂಡದ ಮೇಲೆ ಕಂದಿಸಿ ವಾಸನೆ ಹೊಮ್ಮಿಸುವ ಗೃಹಸ್ಥರು ಈ ಪ್ರಶ್ನೆಯ ಹೊರಗಿಲ್ಲ.

ಎರೆಯ ತರ್ಕ ಎಲ್ಲೆಡೆಯೂ ಒಂದೇ. ಅಮೆರಿಕದ ಬಯಲುಗಳಲ್ಲಿ ಕಯೋಟಿ ಎಂಬ ನರಿಯ ಜಾತಿಯ ಪ್ರಾಣಿಯನ್ನು ಹಿಡಿಯುವವರು ಕೊಳೆತ ಮಾಂಸ, ಮೀನಿನೆಣ್ಣೆ, ಅದರದೇ ಕುಲದ ಮೂತ್ರ ಮತ್ತು ಗ್ರಂಥಿಗಳಿಂದ ಮನೆಯಲ್ಲೇ ವಾಸನೆಯ ದ್ರವ್ಯ ತಯಾರಿಸುತ್ತಾರೆ. ಹಸಿವು, ಕುತೂಹಲ, ಸ್ವಜಾತಿಯ ಸೆಳೆತ: ಯಾವುದು ಜೀವಕ್ಕೆ ಸಹಜವೋ ಅದೇ ಉರುಳು. ಸ್ಪರ್ಶಕ್ಕೆ ಆನೆ, ರುಚಿಗೆ ಮೀನು, ಗಂಧಕ್ಕೆ ದುಂಬಿ, ರೂಪಕ್ಕೆ ಪತಂಗ, ನಾದಕ್ಕೆ ಜಿಂಕೆ ಬಲಿಯಾಗುವುದನ್ನು ನಮ್ಮ ಪ್ರವಚನಕಾರರು ಇಂದ್ರಿಯನಿಗ್ರಹದ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದಾರೆ. ಆ ದೃಷ್ಟಾಂತದಲ್ಲಿ ತಪ್ಪೆಲ್ಲ ಮೀನಿನದೇ ಆಗಿಬಿಡುತ್ತದೆ. ಗಾಳ ಹಿಡಿದವನು ಪಾರಾಗುತ್ತಾನೆ. ಮೀನಿನಲ್ಲಿರುವುದು ಲೋಭವೆನ್ನುವುದಾದರೆ ಗಾಳ ಹಿಡಿದವನಲ್ಲಿರುವುದು ಮಾಯೆ, ಅಂದರೆ ಕಪಟ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಅದೂ ಒಂದು. ಎರೆಯ ಬೇಟೆಯಲ್ಲಿ ವಧೆಗೆ ಮುನ್ನವೇ ಕಪಟ ನಡೆದುಹೋಗಿರುತ್ತದೆ. ಈ ದೃಷ್ಟಿಯಿಂದ ಮುನಿಶಾಮಿ ಬೇಟೆಯ ಲೋಕಕ್ಕೆ ಹೊರಗಿನವನಲ್ಲ. ಸಾಹೇಬ ಚಿರತೆಗೆ ಮಾಡಬಯಸಿದ್ದನ್ನು ಅವನು ಸಾಹೇಬನಿಗೆ ಮಾಡಿದ, ಅಷ್ಟೆ. ಕಥೆಯ ನಿಜವಾದ ವ್ಯಂಗ್ಯ ಇಲ್ಲಿದೆ. ಅದನ್ನು ಬರಿಯ ಹಾಸ್ಯವೆಂದು ಓದಿ ಮುಗಿಸುವುದು ಅದಕ್ಕೆ ಅನ್ಯಾಯ.

ಕನ್ನಡ ಕಾವ್ಯದಲ್ಲಿ ಈ ವಿಷಯವನ್ನು ಅತ್ಯಂತ ಆಳಕ್ಕೆ ಒಯ್ದವನು ಜನ್ನ. 1209ರ ‘ಯಶೋಧರ ಚರಿತೆ’ಯಲ್ಲಿ ಜೀವಬಲಿಗೆ ಒಪ್ಪದ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ, ಆ ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲುತ್ತಾರೆ. ಈ ಭಾಗವನ್ನು ಎಲ್ಲರೂ ಬಲ್ಲರು. ಕಡೆಗೆ ಅವರಿಬ್ಬರೂ ಕೋಳಿಗಳಾಗಿ ಹುಟ್ಟಿದ ಪ್ರಸಂಗ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಮುನಿಯ ಧರ್ಮೋಪದೇಶ ಕೇಳಿ ಪೂರ್ವಭವದ ಅರಿವುಂಟಾಗಿ ಅವು ಕೂಗುತ್ತವೆ. ರಾಜ ಯಶೋಮತಿ ತನ್ನ ಶಬ್ದವೇಧಿ ವಿದ್ಯೆಯನ್ನು ಮೆರೆಯಲು ಆ ಕೂಗನ್ನೇ ಗುರಿಯಾಗಿಸಿ ಬಾಣ ಬಿಡುತ್ತಾನೆ. ಕೊಂದದ್ದು ಹಿಂದಿನ ಜನ್ಮದ ತನ್ನ ತಂದೆಯನ್ನೂ ಅಜ್ಜಿಯನ್ನೂ. ಜೀವದ ದನಿಯನ್ನು ಕೇವಲ ಗುರಿಯೆಂದು ಕೇಳುವ ಕಿವಿ ಎಂಥದೆಂಬುದನ್ನು ಜನ್ನ ತೋರಿಸಿದಷ್ಟು ನಿರ್ದಾಕ್ಷಿಣ್ಯವಾಗಿ ಮತ್ತಾರೂ ತೋರಿಸಿಲ್ಲ. ಮಚಾನಿನ ಕೆಳಗೆ ಮೇಕೆ ಅರಚಲಿ ಎಂದು ಕಾಯುವ ಕಿವಿಯೂ ಅದೇ.

ಹಾಗಾದರೆ ಶಿಕಾರಿ ಕಥೆಗಳನ್ನು ಬಸದಿಯ ಪುಸ್ತಕಭಂಡಾರದಲ್ಲಿ, ಮಕ್ಕಳ ಕೈಗೆಟಕುವಂತೆ ಇಡಬಹುದೆ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ ಪಾಪೋಪದೇಶ, ದುಃಶ್ರುತಿಗಳನ್ನು ಸೇರಿಸಿದ್ದಾರೆ, ಹಿಂಸೆಯ ಉಪಾಯ ಕಲಿಸುವುದೂ ದೋಷ, ಮನಸ್ಸನ್ನು ಕಲುಷಿತಗೊಳಿಸುವ ಕಥೆಯನ್ನು ಕೇಳುವುದೂ ದೋಷ. ಎರೆ ತಯಾರಿಸುವ ಕೈಪಿಡಿ ನಿಸ್ಸಂದೇಹವಾಗಿ ಮೊದಲನೆಯದು. ಮಾಗಡಿಯ ಕಥೆ ಎರಡನೆಯದಕ್ಕೆ ಸೇರುವುದೆಂದು ತೀರ್ಮಾನಿಸುವುದು ಮಾತ್ರ ಅವಸರದ ಮಾತು. ಅದು ಶಿಕಾರಿಯ ಡಂಬವನ್ನು ಬಯಲಿಗೆಳೆಯುತ್ತದೆ. ಮೇಲಾಗಿ, ತೇಜಸ್ವಿಯವರ ಈ ಪುಸ್ತಕಗಳನ್ನು ಓದಿ ಕಾಡಿನ ಮೇಲೆ ಪ್ರೀತಿ ಬೆಳೆಸಿಕೊಂಡ ಕನ್ನಡಿಗರು ಒಂದೆರಡು ತಲೆಮಾರಿನಷ್ಟಿದ್ದಾರೆ. ಪುಸ್ತಕವನ್ನು ಬಚ್ಚಿಡುವುದರಿಂದ ಪ್ರಯೋಜನವಿಲ್ಲ. ಮಕ್ಕಳು ಅದನ್ನು ಹೇಗೂ ಹುಡುಕಿ ಓದುತ್ತಾರೆ.

ಶಿಕಾರಿಯ ಆ ಯುಗವೇನೋ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ‘ಬೇಟೆ’ಯೆಂಬುದನ್ನು ವ್ಯಾಖ್ಯಾನಿಸುವಾಗ ಕೊಲ್ಲುವುದನ್ನಷ್ಟೇ ಹೇಳಲಿಲ್ಲ, ಉರುಳೊಡ್ಡುವುದು, ಬೋನಿಗೆ ಬೀಳಿಸುವುದು, ಎರೆಯೊಡ್ಡುವುದು, ಅವುಗಳ ಪ್ರಯತ್ನ, ಎಲ್ಲವನ್ನೂ ಬೇಟೆಯೆಂದೇ ಕರೆಯಿತು. ಕಾನೂನಿನ ಭಾಷೆ ಇಲ್ಲಿ ಶ್ರಾವಕಾಚಾರದ ಭಾಷೆಗೆ ಸಮೀಪ ಬಂದಿರುವುದು ಗಮನಾರ್ಹ. ಆದರೂ ತಿನಿಸಿನೊಳಗೆ ಸಿಡಿಮದ್ದಿಟ್ಟು ಕಾಡುಹಂದಿಗೆ ಒಡ್ಡುವ ಕ್ರೂರ ಪದ್ಧತಿ ನಿಂತಿಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡಿನಲ್ಲಿ ಗರ್ಭಿಣಿ ಆನೆಯೊಂದು ಅಂಥ ಹಣ್ಣನ್ನು ಕಚ್ಚಿ, ಬಾಯಿ ಛಿದ್ರವಾಗಿ, ಹೊಳೆಯ ನೀರಿನಲ್ಲಿ ನಿಂತೇ ಪ್ರಾಣ ಬಿಟ್ಟಿತು. ಎರೆಗೆ ತನ್ನನ್ನು ಕಚ್ಚುವವರು ಯಾರೆಂಬ ಅರಿವಿಲ್ಲ.

ಬೋನಿನ ಪ್ರಶ್ನೆ ಇಷ್ಟು ಸುಲಭವಲ್ಲ. ಅದೇ 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮನೆಯಲ್ಲಿ ಮಲಗಿದ್ದ ಮಗುವನ್ನು ಚಿರತೆ ಹೊತ್ತೊಯ್ದು ಕೊಂದಿತು. ಆ ತಾಯಿಯ ಮುಂದೆ ನಿಂತು ಮೇಕೆಮರಿಯ ದುಃಖವನ್ನು ಬೋಧಿಸುವವನು ಧರ್ಮವನ್ನು ಅರಿತವನಲ್ಲ. ಗೃಹಸ್ಥನಿಗೆ ವಿರೋಧೀ ಹಿಂಸೆ ಪೂರ್ಣವಾಗಿ ತಪ್ಪಿಸಲಾಗದ್ದೆಂದು ಶಾಸ್ತ್ರಕಾರರೇ ಒಪ್ಪಿದ್ದಾರೆ. ಈಗಿನ ಬೋನುಗಳಲ್ಲಿ ಎರೆಯ ಪ್ರಾಣಿಗೆ ಸರಳುಗಳ ಹಿಂದೆ ಪ್ರತ್ಯೇಕ ಅಂಕಣವಿರುತ್ತದೆ. ಚಿರತೆ ಸೆರೆಯಾದರೂ ಮರಿಯ ಜೀವ ಉಳಿಯಬಹುದು. ಆದರೆ ಮನುಷ್ಯರ ಮೇಲೆ ಬಿದ್ದ ಚಿರತೆ ಬೇರೆ, ರೇಷ್ಮೆಸೊಪ್ಪಿನ ತೋಟದಂಚಿನಲ್ಲಿ ಸಂಜೆ ಹಾದುಹೋದ ಚಿರತೆ ಬೇರೆ. ಬರಿದೇ ಕಂಡಿತೆಂಬ ಕಾರಣಕ್ಕೆ ಚಿರತೆಯನ್ನು ಹಿಡಿಯಬಾರದೆಂದು ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿ ಹೇಳುತ್ತದೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಹಿಡಿದ ಚಿರತೆಗಳನ್ನು ಬೇರೆಡೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತೆಂಬುದನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಆದ್ದರಿಂದ ಕೇವಲ ಭಯ ಶಮನಕ್ಕಾಗಿ ಇಡಿಸುವ ಬೋನು ಊರನ್ನು ಕಾಯುವುದೆಂಬ ಭರವಸೆಯೂ ಇಲ್ಲ. ತಾನು ಇಟ್ಟದ್ದಲ್ಲ, ಅರಣ್ಯ ಇಲಾಖೆ ಇಟ್ಟದ್ದು ಎಂದು ಜಮೀನಿನ ಒಡೆಯ ಕೈ ತೊಳೆದುಕೊಳ್ಳುವಂತಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಅರ್ಜಿಗೆ ಹಾಕಿದ ಸಹಿ ಯಾವುದಕ್ಕೆ ಸೇರುವುದೆಂದು ಅವನೇ ಬಲ್ಲ. ಗೋಶಾಲೆ ನಡೆಸುವ ಟ್ರಸ್ಟಿನ ಬಾಗಿಲಿಗೆ ‘ಬೋನಿಗೊಂದು ಕರು ಕೊಡಿ’ ಎಂದು ಯಾರಾದರೂ ಬಂದರೆ ಏನು ಉತ್ತರಿಸಬೇಕೆಂದು ಪದಾಧಿಕಾರಿಗಳು ಮೊದಲೇ ಕುಳಿತು ಯೋಚಿಸಿಡುವುದು ಲೇಸು.

ಮಾಗಡಿಯ ಕಥೆಯನ್ನು ಭಂಡಾರದಲ್ಲಿ ಇಡುವುದಾದರೆ ‘ಯಶೋಧರ ಚರಿತೆ’ಯ ಪಕ್ಕದಲ್ಲೇ ಇಡಬಹುದು. ಮುನಿಶಾಮಿಯ ಚಾಲಾಕಿಗೆ ನಕ್ಕ ಹುಡುಗ ಆ ಸಂಜೆಯೇ ಶಬ್ದವೇಧಿಯ ಪ್ರಸಂಗವನ್ನು ಹಿರಿಯರ ಬಾಯಿಂದ ಕೇಳಿದರೆ, ಮರಳಿ ಶಿಕಾರಿ ಕಥೆಯನ್ನು ತೆರೆದಾಗ ಗೂಟದ ಬಳಿ ತುಸು ಹೊತ್ತು ನಿಲ್ಲುತ್ತಾನೆ.