ಯಾವುದರ ಅರ್ಧ?

ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ರಾಸುಗಳನ್ನು ನೋಡಿ ಬಂದವರಿಗೆ ಅವುಗಳ ನೀಳ ಕೊಂಬು ಕಣ್ಣಲ್ಲೇ ಉಳಿಯುತ್ತದೆ. ಲೆಕ್ಕದ ರುಚಿ ಹತ್ತಿದವರಿಗೆ ನೆನಪಾಗುವುದು ಇನ್ನೊಂದು ಸಂಗತಿ. ಹೈದರಾಲಿ ಇದೇ ತಳಿಯ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿ ಚಿದಂಬರದ ನೆರವಿಗೆ ಹೋದ ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. 100 ಮೈಲಿ ಎಂದರೆ ಸುಮಾರು 160 ಕಿ.ಮೀ.; ಎರಡೂವರೆಯಿಂದ ಭಾಗಿಸಿದರೆ ದಿನಕ್ಕೆ 64. ಏಳನೇ ಕ್ಲಾಸಿನ ಹುಡುಗ ಇಷ್ಟು ಮಾಡಿ ನೋಟ್‌ಬುಕ್ ಮುಚ್ಚಿಯಾನು.

ಲೆಕ್ಕ ರಂಗೇರುವುದು ಆಮೇಲೆ. ಆ 'ಅರೆ' ಯಾವುದರ ಅರೆ? ಹಗಲುರಾತ್ರಿ ಸೇರಿಸಿದರೆ ಒಟ್ಟು 60 ಗಂಟೆ. ವೇಗ ಗಂಟೆಗೆ 2.7 ಕಿ.ಮೀ.ಗೂ ಕಡಿಮೆ. ಸಂತೆಗೆ ಹೊರಟ ಅಜ್ಜಿಯೂ ಅದಕ್ಕಿಂತ ಬಿರುಸಾಗಿ ನಡೆದಾಳು. ಹಗಲಿನ 12 ಗಂಟೆಯನ್ನೇ ದಿನವೆಂದು ಹಿಡಿದರೆ 30 ಗಂಟೆ, ವೇಗ 5.3 ಕಿ.ಮೀ. ದಾಟುತ್ತದೆ. ನೀರು, ಮೇವಿಗೆಂದು ನಿಂತ ಹೊತ್ತನ್ನು ಕಳೆದರೆ ಇನ್ನೂ ಏರುತ್ತದೆ. ಎತ್ತು ಅದೇ, ದಾರಿ ಅದೇ. ಉತ್ತರ ಮಾತ್ರ ಇಮ್ಮಡಿ.

ತರೀಕೆರೆಯಿಂದ ಲಿಂಗದಹಳ್ಳಿ ಹಾದು ಕೆಮ್ಮಣ್ಣುಗುಂಡಿಗೆ ಹತ್ತುವಾಗಲೂ ಇದೇ ಗೂಢ. ಘಾಟಿ ಏರುವಾಗ ಗಂಟೆಗೆ 20 ಕಿ.ಮೀ., ಇಳಿಯುವಾಗ 30 ಎಂದಿಟ್ಟುಕೊಳ್ಳಿ. ಸರಾಸರಿ 25 ಎಂದು ಬಾಯಿಗೆ ಬರುತ್ತದೆ; ಸರಿಯುತ್ತರ 24. ಹತ್ತಿದ್ದು ಅರ್ಧ ದಾರಿ ನಿಜ, ಆದರೆ ಅದು ತಿಂದದ್ದು ಅರ್ಧಕ್ಕಿಂತ ಹೆಚ್ಚು ಹೊತ್ತು.

ಭಿನ್ನರಾಶಿಗೆ ಬಂದರೆ, ಹದಿನೇಳು ಒಂಟೆಗಳ ಒಗಟನ್ನು ಕೇಳದವರು ಕಡಿಮೆ. ನಮ್ಮ ಸೀಮೆಗೆ ಒಂಟೆ ಯಾಕೆ, ರಾಸು ಅನ್ನೋಣ. ಹಿರಿಮಗನಿಗೆ ಅರ್ಧ, ನಡುವಿನವನಿಗೆ ಮೂರರಲ್ಲೊಂದು, ಕಿರಿಯನಿಗೆ ಒಂಬತ್ತರಲ್ಲೊಂದು ಎಂದು ಹೇಳಿ ಅಪ್ಪ ಕಣ್ಮುಚ್ಚಿದ. ಕೊಟ್ಟಿಗೆಯಲ್ಲಿ ಇದ್ದದ್ದು 17. ಪಕ್ಕದ ಮನೆಯವನು ತನ್ನದೊಂದನ್ನು ತಂದು ಕಟ್ಟಿ 18 ಮಾಡಿದ. 9, 6, 2 ಹಂಚಿದ. ಉಳಿದ ತನ್ನ ರಾಸನ್ನು ಹೊಡೆದುಕೊಂಡು ಮನೆಗೆ ಹೋದ. ಮಾಯವೇನಿಲ್ಲ. ಆ ಮೂರು ಪಾಲು ಕೂಡಿಸಿದರೆ ಬರುವುದು 17/18. ಅಪ್ಪ ಇಡೀ ಆಸ್ತಿಯನ್ನು ಹಂಚಿಯೇ ಇರಲಿಲ್ಲ!

ಬಿಟ್ಟುಹೋದ ಆ 1/18 ಕನ್ನಡ ನಾಡಿನ ಹಳೆಯ ಗಣಿತದಲ್ಲಿ ಸಿಗುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಒಂದನ್ನು ಪೂರ್ತಿ ಒಡೆಯುವ ಸೂತ್ರವಿದೆ. ಮೊದಲು 1/2, ಆಮೇಲೆ 1/3, 1/9, 1/27 ಎಂದು ಛೇದವನ್ನು ಮೂರುಪಟ್ಟು ಮಾಡುತ್ತ ಹೋಗಬೇಕು. ಸಾಕೆನಿಸಿದಲ್ಲಿ ನಿಂತು, ನಿಂತ ಛೇದದ ಎರಡರಷ್ಟನ್ನು ಕೊನೆಗಿಡಬೇಕು. 1/9ಕ್ಕೆ ನಿಂತರೆ ಕೊನೆಯದು 1/18, 1/27ಕ್ಕೆ ನಿಂತರೆ 1/54. ಕೂಡಿಸಿ ನೋಡಿ, ಒಂದು ಕೂದಲೂ ಆಚೀಚೆ ಆಗದು. ಒಂಟೆಯ ಒಗಟಿಗೆ ಈತನೇ ಮೂಲ ಎಂದಲ್ಲ, ಲೆಕ್ಕದ ಎಲುಬು ಮಾತ್ರ ಒಂದೇ. 139ನ್ನು 109ರಿಂದ ಗುಣಿಸಿ 15151 ಎಂಬ ಹಾರ ಪೋಣಿಸಿದ ರಸಿಕನೂ ಈತನೇ.

ವಿನ್ಯಾಸದ ಲೆಕ್ಕಕ್ಕೆ ತರೀಕೆರೆ ಹತ್ತಿರದ ಅಮೃತಾಪುರಕ್ಕೇ ಹೋಗಬೇಕು. ಇಮ್ಮಡಿ ವೀರಬಲ್ಲಾಳನ ದಂಡನಾಯಕ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇಗುಲದ ತೆರೆದ ಮಂಟಪದ ಹೊರಗೋಡೆಯಲ್ಲಿ 140 ಫಲಕಗಳಿವೆ. ದಕ್ಷಿಣಕ್ಕೆ ರಾಮಾಯಣದ 70. ಉತ್ತರಕ್ಕೆ ಮಹಾಭಾರತದ 45, ಕೃಷ್ಣಕಥೆಯ 25. ಮಹಾಭಾರತದ ಪಾಲೆಷ್ಟು? ಉತ್ತರದ ಗೋಡೆಯನ್ನಷ್ಟೇ ಹಿಡಿದರೆ 9/14, ಇಡೀ ಸಾಲಿಗೆ 9/28.

ರಾಮಾಯಣ ಅಪ್ರದಕ್ಷಿಣವಾಗಿ ಸಾಗುವುದು ಇನ್ನೂ ಸೊಗಸು. ಪ್ರದಕ್ಷಿಣೆ ಹಾಕುವ ಭಕ್ತರಿಗೆ ಕಥೆಯ 70ನೇ ಫಲಕವೇ ಮೊದಲು ಎದುರಾಗುತ್ತದೆ, ಆಮೇಲೆ 69, 68. 12ನೆಯದಾಗಿ ಕಂಡದ್ದು ಕಥೆಯ 59ನೆಯದು. ಎಲ್ಲಿ ನಿಂತು ಕೂಡಿಸಿದರೂ 71. ಹಾಗಾದರೆ ನಡೆವವರ ಎಣಿಕೆ, ಕಥೆಯ ಎಣಿಕೆ ಎರಡೂ ಒಂದಾಗುವ ಫಲಕ ನಟ್ಟನಡುವೆಯಾದರೂ ಇದೆಯೇ? 35ನೆಯದಾಗಿ ಕಾಣುವುದು 36ನೆಯದು, 36ನೆಯದಾಗಿ ಕಾಣುವುದು 35ನೆಯದು.