ಹೆಸರಿಗೆ ಮಣೆ

ಸಂಶೋಧನಾ ಪತ್ರಿಕೆಗಳು ಲೇಖನ ಪ್ರಕಟಿಸುವ ಮುನ್ನ ತಜ್ಞರ ಅಭಿಪ್ರಾಯ ಕೇಳುತ್ತವೆ. ಆ ತೀರ್ಪು ನಿಷ್ಪಕ್ಷಪಾತವೆಂಬುದು ನಮ್ಮ ನಂಬಿಕೆ. 1982ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ಸ್ ಮತ್ತು ಸೆಸಿ ಪ್ರಕಟಿಸಿದ ಅಧ್ಯಯನ ಈ ನಂಬಿಕೆಯನ್ನು ಅಲುಗಾಡಿಸಿತು. ಪ್ರತಿಷ್ಠಿತ ವಿಭಾಗಗಳಿಂದ ಬಂದು ಆಗಲೇ ಅಚ್ಚಾಗಿದ್ದ 12 ಲೇಖನಗಳನ್ನು ಅವರು ಕಲ್ಪಿತ ಹೆಸರು, ಕಲ್ಪಿತ ಸಂಸ್ಥೆ ಹಾಕಿ ಅವೇ ಪತ್ರಿಕೆಗಳಿಗೆ ಮತ್ತೆ ಕಳಿಸಿದ್ದರು. 3ರ ಗುಟ್ಟು ಮಾತ್ರ ಬಯಲಾಯಿತು. ಉಳಿದ 9ರಲ್ಲಿ 8 ತಿರಸ್ಕೃತವಾದವು. ಅಧ್ಯಯನ ವಿಧಾನದಲ್ಲೇ ದೋಷವಿದೆ ಎಂದು ಹಲವು ತಜ್ಞರು ಬರೆದರು!

ಪ್ರಯೋಗ ಚಿಕ್ಕದು. ಹೆಸರೊಂದೇ ಕಾರಣವೆಂದು ಅದು ಸಾಬೀತುಪಡಿಸುವುದಿಲ್ಲ; ತಜ್ಞರ ತೀರ್ಪೇ ಅಸ್ಥಿರವೆಂಬ ವಾದವೂ ಇದೆ. ಯಾವುದು ನಿಜವಾದರೂ ಪೆಟ್ಟು ಬೀಳುವುದು ಆಸರೆಯಿಲ್ಲದ ಹೊಸ ಸಂಶೋಧಕನಿಗೆ. ಇಂದು ಅನೇಕ ಪತ್ರಿಕೆಗಳು ಲೇಖಕನ ಹೆಸರನ್ನು ತಜ್ಞರಿಗೆ ತಿಳಿಸುವುದಿಲ್ಲ. ಒಳ್ಳೆಯದೇ. ಆದರೆ ಸಂಪಾದಕನಿಗೆ ಸಾಮಾನ್ಯವಾಗಿ ಅದು ಗೊತ್ತಿರುತ್ತದೆ. ಬರಹಕ್ಕಿಂತ ಮೊದಲು ಬರೆದವನನ್ನು ತೂಗುವ ಚಟ ಬಿಡದಿದ್ದರೆ ಜ್ಞಾನದ ತಕ್ಕಡಿ ನೆಟ್ಟಗಾಗದು.