ತೊಡೆಮೂಳೆಯ ಲೆಕ್ಕವೂ ಪಠ್ಯ ಕೇಳದ ಪ್ರಶ್ನೆಯೂ

ಪ್ರಥಮ ಪಿಯುಸಿ ವಿದ್ಯಾರ್ಥಿಗಳು ಓದುವ ಎನ್‌ಸಿಇಆರ್‌ಟಿ ಭೌತಶಾಸ್ತ್ರ ಪುಸ್ತಕದಲ್ಲಿ ಬಹುಕಾಲದಿಂದ ಒಂದು ಲೆಕ್ಕವಿದೆ. ಸರ್ಕಸ್ಸಿನ ಮಾನವ ಪಿರಮಿಡ್ಡಿನ ತಳದಲ್ಲಿ ಮಲಗಿದ ಕಲಾವಿದ ತನ್ನ ಕಾಲುಗಳ ಮೇಲೆ 220 ಕಿ.ಗ್ರಾಂ ಹೊತ್ತಿದ್ದಾನೆ. ತೊಡೆಮೂಳೆಯ ಉದ್ದ 50 ಸೆಂ.ಮೀ., ತ್ರಿಜ್ಯ 2 ಸೆಂ.ಮೀ. ಅದು ಎಷ್ಟು ಕುಗ್ಗುತ್ತದೆ? ಪ್ರತಿ ಮೂಳೆಯ ಮೇಲೆ 1078 ನ್ಯೂಟನ್ ಬಲ. ಯಂಗ್ ಗುಣಾಂಕ ಬಳಸಿದರೆ ಕುಗ್ಗುವಿಕೆ ಸುಮಾರು 0.0455 ಮಿ.ಮೀ. ಉತ್ತರ ಸರಿ, ಉದಾಹರಣೆಯೂ ಆಸಕ್ತಿದಾಯಕ. ಆದರೆ ಪಾಠ ಅಲ್ಲಿಗೇ ನಿಲ್ಲುತ್ತದೆ. ನನ್ನ ಆಕ್ಷೇಪ ಇರುವುದು ಈ ನಿಲುಗಡೆಯ ಬಗ್ಗೆ.

ಸಾಮಾನ್ಯ ನಡಿಗೆಯಲ್ಲಿ ಸೊಂಟದ ಕೀಲಿನ ಮೇಲೆ ದೇಹತೂಕದ ಸುಮಾರು 2.5 ಪಟ್ಟು ಬಲ ಬೀಳುತ್ತದೆ. 60 ಕಿ.ಗ್ರಾಂ ತೂಕದವರಿಗೆ ಇದು ಸುಮಾರು 1470 ನ್ಯೂಟನ್. ಅಂದರೆ ಸುರಪುರದ ಹೊಲದ ಬದುವಿನ ಮೇಲೆ ಬರಿಗೈಯಲ್ಲಿ ನಡೆಯುವ ರೈತನ ಕೀಲು, ಲೆಕ್ಕದ ಕಲಾವಿದನ ಮೂಳೆಗಿಂತ ಹೆಚ್ಚು ಬಲ ತಾಳುತ್ತದೆ. ಅದೂ ಒಮ್ಮೆಯಲ್ಲ, ಪ್ರತಿ ಕಾಲಿಗೆ ವರ್ಷಕ್ಕೆ ಸರಿಸುಮಾರು ಹತ್ತು ಲಕ್ಷ ಸಲ. ‘ಎಷ್ಟು ಬಲ?’ ಎಂದು ಪಠ್ಯ ಕೇಳುತ್ತದೆ, ‘ಎಷ್ಟು ಸಲ?’ ಎಂದು ಕೇಳುವುದಿಲ್ಲ.

ಈ ಎರಡನೆಯ ಪ್ರಶ್ನೆ ಹೊಸದಲ್ಲ. ರೈಲು ಗಾಲಿಗಳ ಅಚ್ಚುಗಳು ಮಿತಿಮೀರಿದ ಭಾರವಿಲ್ಲದೆಯೂ ಮುರಿಯುವುದೇಕೆಂದು ಜರ್ಮನಿಯ ವೋಲರ್ 1850–60ರ ದಶಕಗಳಲ್ಲಿ ಪ್ರಯೋಗ ನಡೆಸಿದರು. ಒಂದೇ ಸಲ ಹೇರಿದಾಗ ನಿರಪಾಯವೆನಿಸುವ ಪೀಡನವೂ ಪದೇ ಪದೇ ಮರಳಿದರೆ ವಸ್ತುವನ್ನು ಮುರಿಯಬಲ್ಲದು. ಇದೇ ‘ದಣಿವು’. ಭಾರ ತೆಗೆದರೆ ಉದ್ದ ಮೊದಲಿನಂತಾಗುತ್ತದೆ. ಹುಟ್ಟಿದ ಬಿರುಕು ಮಾತ್ರ ಹಿಂದಿರುಗುವುದಿಲ್ಲ.

ಕೀಲು ಬದಲಾವಣೆಯಲ್ಲಿ ಬಳಸುವ ಮೂಳೆ ಸಿಮೆಂಟ್ ಇದಕ್ಕೆ ತಕ್ಕ ಉದಾಹರಣೆ. ಇದು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಪ್ಲಾಸ್ಟಿಕ್. ಪುಡಿ ಮತ್ತು ದ್ರವವನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಕಲೆಸುತ್ತಾರೆ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಇದರ ಬಳಕೆಗೆ ಬುನಾದಿ ಹಾಕಿದರು. ಹೆಸರು ಸಿಮೆಂಟ್ ಎಂದಿದ್ದರೂ ಇದು ಅಂಟಲ್ಲ. ಮೂಳೆಗೂ ಲೋಹಕ್ಕೂ ನಡುವಿನ ಸಂದು ತುಂಬಿ ಬಲವನ್ನು ಹಂಚುವ ಗಾರೆ. ಕಲೆಸುವಾಗ ಸೇರಿದ ಗಾಳಿಗುಳ್ಳೆಗಳ ಅಂಚಿನಲ್ಲಿ ಪೀಡನ ಸಾಂದ್ರವಾಗಿ ಬಿರುಕು ಮೊಳೆಯುತ್ತದೆ. ನಿರ್ವಾತದಲ್ಲಿ ಕಲೆಸುವ ವಿಧಾನ ಬಂದದ್ದು ಈ ಗುಳ್ಳೆಗಳನ್ನು ತಗ್ಗಿಸಲೆಂದೇ.

ಪಠ್ಯದ ಕೊರತೆ ಮಾನಕಗಳಲ್ಲೂ ಇತ್ತು. ಐಎಸ್‌ಒ 5833 ಮಾನಕ ಗಟ್ಟಿಯಾದ ಸಿಮೆಂಟಿಗೆ ಕನಿಷ್ಠ 70 ಮೆಗಾಪಾಸ್ಕಲ್ ಸಂಪೀಡನ ಬಲವನ್ನು ಬೇಡುತ್ತದೆ. ಇದು ಒಂದೇ ಸಲದ ಪರೀಕ್ಷೆ. ಬಾಗುವಿಕೆಯ ದಣಿವಿಗೆಂದೇ ಐಎಸ್‌ಒ 16402 ಬಂದದ್ದು 2008ರಲ್ಲಿ. ನಡುವೆ ಬೋನ್‌ಲಾಕ್ ಎಂಬ ಸಿಮೆಂಟ್ ಪಾಠ ಕಲಿಸಿತ್ತು. ಗಟ್ಟಿಯಾಗುವಾಗ ಕಡಿಮೆ ಉಷ್ಣ ಹೊಮ್ಮಿಸುವುದು ಅದರ ಹೆಗ್ಗಳಿಕೆ. ಆದರೆ ಅದನ್ನು ಬಳಸಿದ ಕೀಲುಗಳು ಬೇಗ ಸಡಿಲವಾಗುತ್ತಿರುವುದನ್ನು ನಾರ್ವೆಯ ಕೀಲು ನೋಂದಣಿ ತೋರಿಸಿತು. 1995ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಯಿತು. ಇದರಿಂದ ಭಯಪಡಬೇಕಿಲ್ಲ. ಒಳ್ಳೆಯ ಸಿಮೆಂಟ್ ಬಳಸಿ ಸರಿಯಾಗಿ ಕೂರಿಸಿದ ಎಷ್ಟೋ ಕೀಲುಗಳು ಇಪ್ಪತ್ತು ವರ್ಷ ದಾಟಿವೆ.

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಭತ್ತದ ನಾಟಿ, ಹತ್ತಿ ಬಿಡಿಸುವುದು, ಕುಕ್ಕರುಗಾಲಲ್ಲಿ ಕಳೆ ತೆಗೆಯುವುದು ನಿತ್ಯದ ದುಡಿಮೆ. ಇಲ್ಲಿನ ಕುಟುಂಬವೊಂದು ಸಾಲ ಮಾಡಿ ಮೊಣಕಾಲು ಬದಲಾಯಿಸಲು ಹೊರಟಾಗ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ವರ್ಷ ಬಾಳಿಕೆ ಬರುತ್ತದೆ?’ ಉತ್ತರ ವರ್ಷಗಳಲ್ಲಿ ಸಿಗುತ್ತದೆ. ಆದರೆ ಸಿಮೆಂಟ್ ಎಣಿಸುವುದು ಹೆಜ್ಜೆಗಳನ್ನು, ಅವುಗಳ ಭಾರವನ್ನು. ಮನೆಯಲ್ಲಿ ಕೂರುವವರ ಹತ್ತು ವರ್ಷವೂ ಹೊಲದಲ್ಲಿ ದುಡಿಯುವವರ ಹತ್ತು ವರ್ಷವೂ ಒಂದೇ ಅಲ್ಲ. ಇದನ್ನು ಅರಿತವರು ಹಿಂದಿರುಗಿದ ಮೇಲೆ ಮಾಡುವ ಕೆಲಸದ ಬಗ್ಗೆಯೂ ವೈದ್ಯರನ್ನು ಕೇಳುತ್ತಾರೆ.

ಶಿಕ್ಷಕರು ಆ ಲೆಕ್ಕಕ್ಕೆ ಎರಡು ಉಪಪ್ರಶ್ನೆ ಸೇರಿಸಬಹುದು: ನಡಿಗೆಯಲ್ಲಿ ಬಲವೆಷ್ಟು? ಹತ್ತು ವರ್ಷಕ್ಕೆ ಆವರ್ತಗಳೆಷ್ಟು? ಜೊತೆಗೆ ಕಟ್ಟುವ ತಂತಿಯ ತುಂಡನ್ನು ಬೇರೆ ಬೇರೆ ಕೋನಗಳಿಗೆ ಹಿಂದೆ ಮುಂದೆ ಬಾಗಿಸಿ, ಮುರಿಯಲು ಎಷ್ಟು ಸಲ ಬೇಕಾಯಿತೆಂದು ನಕ್ಷೆ ಬರೆಸಲಿ. ತಂತಿಯಲ್ಲಿ ಶಾಶ್ವತ ವಿರೂಪವಾಗುವುದರಿಂದ ಅದು ಬೇಗ ಮುರಿಯುತ್ತದೆ, ಸಿಮೆಂಟಿನ ದಣಿವು ನಿಧಾನ ಎಂಬ ವ್ಯತ್ಯಾಸವನ್ನೂ ತಿಳಿಸಬೇಕು. ಇದಕ್ಕೆ ಪ್ರಯೋಗಾಲಯ ಬೇಡ, ಒಂದು ಪಿರಿಯಡ್ ಸಾಕು.